ಎರಡು ಮೆಷಿನ್, ಒಂದೇ ದೂರು: ಒಂದು ಮನೆಯವರು ವಾಷಿಂಗ್ ಮೆಷಿನ್ ಮತ್ತು ಡ್ರೈಯರ್ ಆರಿಸಿಕೊಂಡ ಪ್ರಕರಣ

ಮನೆಬಳಕೆಯ ಯಂತ್ರಗಳ ರಿಪೇರಿಯಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದ್ದೇನೆ. ಈಗ ಪರಿಚಯದವರು ಹೊಸ ಮೆಷಿನ್ ಕೊಳ್ಳುವ ಮೊದಲು ಒಂದು ಮಾತು ಕೇಳುತ್ತಾರೆ. ಎಲ್ಲರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: "ಯಾವ ಕಂಪನಿದು ತಗೊಳ್ಳೋದು?" ಅದಕ್ಕೆ ನೇರವಾಗಿ ಉತ್ತರ ಕೊಡುವುದನ್ನು ನಾನು ಬಿಟ್ಟುಬಿಟ್ಟೆ. ಹಾಗೆ ಬಿಡುವಂತೆ ಮಾಡಿದ್ದು ಈ ಮನೆ.

ಗುರುತು ಸಿಗಬಾರದು ಎಂದು ಕೆಲವು ವಿವರ ಬದಲಿಸಿದ್ದೇನೆ. ಕಂಪನಿಗಳ ಹೆಸರು ಎಲ್ಲೂ ಹೇಳಿಲ್ಲ. ಮನೆಯೊಡತಿಯನ್ನು ಇಲ್ಲಿ ಅಕ್ಕ ಎಂದೇ ಕರೆಯುತ್ತೇನೆ. ಎದುರಿಗೆ ಸಿಕ್ಕರೂ ನಾನು ಅವರನ್ನು ಹಾಗೆಯೇ ಕರೆಯುವುದು.

ಹಿನ್ನೆಲೆ

ಮನೆಯಲ್ಲಿ ಐದು ಜನ. ಅಕ್ಕ, ಅವರ ಗಂಡ, ಕಾಲೇಜಿಗೆ ಹೋಗುವ ಮಗಳು, ಶಾಲೆಗೆ ಹೋಗುವ ಮಗ, ಮತ್ತು ಅಕ್ಕನ ಅತ್ತೆ. ಅತ್ತೆಗೆ ವಯಸ್ಸಾಗಿದೆ, ಹೆಚ್ಚಿನ ಹೊತ್ತು ಹಾಸಿಗೆಯಲ್ಲೇ. ದಿನಕ್ಕೊಮ್ಮೆ, ಕೆಲವು ದಿನ ಎರಡು ಸಲ, ಅವರ ಹಾಸಿಗೆ ಬಟ್ಟೆ ಬದಲಿಸಬೇಕು. ಈ ಒಂದು ವಿಷಯ ಮುಂದಿನ ಎಲ್ಲ ತೀರ್ಮಾನಗಳ ಬೇರು. ಮೆಷಿನ್ ಎರಡು ದಿನ ನಿಂತರೆ ಬೇರೆ ಮನೆಗಳಲ್ಲಿ ಬಟ್ಟೆ ರಾಶಿ ಬೀಳುತ್ತದೆ, ಅಷ್ಟೇ. ಇಲ್ಲಿ ಒಬ್ಬ ಹಿರಿಯರು ಒದ್ದೆ ಹಾಸಿಗೆಯಲ್ಲಿ ಮಲಗಬೇಕಾಗುತ್ತದೆ.

ಮನೆ ಇರುವುದು ಕಟ್ಟಡದ ಕೊನೆಯ ಮಹಡಿಯಲ್ಲಿ. ನೀರಿನ ಟ್ಯಾಂಕ್ ನೇರ ತಲೆಯ ಮೇಲೆ. ಬಿಸಿಲು ಬೀಳುವ ಜಾಗ ಕಡಿಮೆ. ಹಗ್ಗಕ್ಕೆ ಹಾಕಿದ ದಪ್ಪ ಬಟ್ಟೆ ತೇವದ ದಿನಗಳಲ್ಲಿ ಎರಡು ದಿನವಾದರೂ ಒಣಗುತ್ತಿರಲಿಲ್ಲ. ಡ್ರೈಯರ್ ಬೇಕು ಅನ್ನಿಸಿದ್ದು ಆಗಲೇ.

ಸಮಸ್ಯೆ

ಅವರ ಬಳಿ ಏಳು ಕಿಲೋ ಸಾಮರ್ಥ್ಯದ ಒಂದು ಫ್ರಂಟ್ ಲೋಡ್ ಮೆಷಿನ್ ಇತ್ತು. ವಯಸ್ಸು ನಾಲ್ಕು ವರ್ಷ. ಎರಡನೇ ವರ್ಷದಿಂದಲೇ ಕಾಟ ಶುರು. ಬಟ್ಟೆ ಹಾಕಿ ಹೋದರೆ ಅರ್ಧ ಗಂಟೆ ಬಿಟ್ಟು ಬರುವಷ್ಟರಲ್ಲಿ "ನೀರು ಬರುತ್ತಿಲ್ಲ" ಎಂಬ ಎರರ್ ತೋರಿಸಿ ನಿಂತಿರುತ್ತಿತ್ತು. ರಿಪೇರಿಯವರು ಬಂದು ನೀರು ಒಳಬಿಡುವ ವಾಲ್ವ್ ಬದಲಿಸಿದರು. ಕೆಲವು ತಿಂಗಳು ಸರಿಯಿತ್ತು. ಮತ್ತೆ ಅದೇ ಎರರ್. ಮತ್ತೆ ವಾಲ್ವ್. ಮೂರನೇ ಸಲ "ಬೋರ್ಡ್ ಹೋಗಿದೆ" ಎಂದು ಮೆಷಿನ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡನ್ನೇ ಬದಲಿಸಿದರು.

ನಾಲ್ಕನೇ ವರ್ಷ ಸ್ಪಿನ್ ಆಗುವಾಗ ಗುಡುಗಿನಂಥ ಸದ್ದು ಬರತೊಡಗಿತು. ಡ್ರಮ್ ಸಲೀಸಾಗಿ ತಿರುಗಲು ಇರುವ ಬೇರಿಂಗ್ ಹೋಗಿದೆ, ಈ ಮಾದರಿಯಲ್ಲಿ ಬೇರಿಂಗ್ ಬೇರೆಯಾಗಿ ಸಿಗುವುದಿಲ್ಲ, ಡ್ರಮ್ ಸುತ್ತ ನೀರು ಹಿಡಿದಿಡುವ ಇಡೀ ಟಬ್ ಬದಲಿಸಬೇಕು ಅಂದರು. ಟಬ್‌ನ ಬೆಲೆ ಹೊಸ ಮೆಷಿನ್‌ನ ಅರ್ಧಕ್ಕೂ ಜಾಸ್ತಿ. ಮನೆಯವರಿಗೆ ಸಾಕುಸಾಕಾಗಿತ್ತು. "ಆ ಕಂಪನಿ ಸಹವಾಸವೇ ಬೇಡ" ಎಂಬ ತೀರ್ಮಾನಕ್ಕೆ ಬಂದಿದ್ದರು.

ಮುಂದೇನು ಎಂಬುದರಲ್ಲಿ ಮಾತ್ರ ಒಮ್ಮತ ಇರಲಿಲ್ಲ. ಅಕ್ಕನ ಗಂಡ ಹನ್ನೆರಡು ಕಿಲೋ ಮೆಷಿನ್ ನೋಡಿಟ್ಟಿದ್ದರು. ಅದರ ಮೇಲೆ ಹತ್ತು ವರ್ಷದ ವಾರಂಟಿ ಎಂಬ ದೊಡ್ಡ ಸ್ಟಿಕ್ಕರ್ ಇತ್ತು. ಅಕ್ಕನಿಗೆ ಬೆನ್ನು ನೋವು, ಬಗ್ಗುವುದು ತಪ್ಪಲಿ ಎಂದು ಟಾಪ್ ಲೋಡ್ ಬೇಕಿತ್ತು. ಮಗಳು, "ಜಾಗವೇ ಇಲ್ವಲ್ಲ, ಒಗೆದು ಒಣಗಿಸೋದು ಎರಡೂ ಒಂದರಲ್ಲೇ ಇರೋದು ತಗೊಳ್ಳೋಣ" ಎನ್ನುತ್ತಿದ್ದಳು.

ಮೊದಲು ಮಾಡಿ ನೋಡಿದ್ದು

ಮಗಳ ಮಾತು ಪರೀಕ್ಷೆ ಮಾಡಲು ಅವಕಾಶ ತಾನಾಗಿಯೇ ಬಂತು. ಸಂಬಂಧಿಕರೊಬ್ಬರು ಮನೆ ಬದಲಿಸುತ್ತಿದ್ದರು. ಅವರ ಬಳಿ ಒಗೆದು ಒಣಗಿಸುವ ಜೋಡಿ ಮೆಷಿನ್ ಇತ್ತು. ಬೇರೆ ಕಂಪನಿಯದು, ಹೆಚ್ಚು ಹಳೆಯದೂ ಅಲ್ಲ. "ಒಂದು ತಿಂಗಳು ನಿಮ್ಮಲ್ಲಿ ಇರಲಿ, ಉಪಯೋಗಿಸಿ" ಎಂದು ಕೊಟ್ಟರು.

ಮೊದಲ ವಾರದಲ್ಲೇ ಅದರ ಇತಿಮಿತಿ ಗೊತ್ತಾಯಿತು. ಒಗೆಯಲು ಎಂಟು ಕಿಲೋ ಹಿಡಿಯುತ್ತದೆ, ಆದರೆ ಒಣಗಿಸಲು ಐದೇ ಕಿಲೋ. ಬಹುತೇಕ ಜೋಡಿ ಮೆಷಿನ್‌ಗಳು ಹೀಗೆಯೇ. ಒಣಗುವ ಬಟ್ಟೆ ಡ್ರಮ್‌ನಲ್ಲಿ ಸಡಿಲವಾಗಿ ಹಾರಾಡಬೇಕು, ಒಗೆಯುವುದಕ್ಕಿಂತ ಜಾಸ್ತಿ ಜಾಗ ಬೇಕು. ಹಾಗಾಗಿ ತುಂಬಾ ಹಾಕಿದರೆ ಒಗೆದ ಮೇಲೆ ಮೂರು ಕಿಲೋದಷ್ಟು ಬಟ್ಟೆ ಹೊರಗೆ ತೆಗೆಯಬೇಕು. ಒಗೆದು ಒಣಗಿಸಿ ಮುಗಿಸಲು ಐದಾರು ಗಂಟೆ. ಅಷ್ಟು ಹೊತ್ತೂ ಮುಂದಿನ ರಾಶಿ ಕಾಯಬೇಕು. ಬೆಳಗ್ಗೆ ಅತ್ತೆಯ ಹಾಸಿಗೆ ಬಟ್ಟೆ ಹಾಕಿದರೆ ಮಕ್ಕಳ ಬಟ್ಟೆಗೆ ಸರದಿ ಬರುವುದು ಮಧ್ಯಾಹ್ನದ ಮೇಲೆ.

ಜಾಗ ಕಡಿಮೆ ಇರುವ, ಒಬ್ಬಿಬ್ಬರು ಇರುವ ಮನೆಗೆ ಈ ಜೋಡಿ ಮೆಷಿನ್ ಒಳ್ಳೆಯ ಆಯ್ಕೆಯೇ. ದಿನವೂ ನಿಲ್ಲದೆ ಬಟ್ಟೆ ಬರುವ ಮನೆಗೆ ಅಲ್ಲ. ಒಂದು ಭಾಗ ಕೆಟ್ಟರೆ ಒಗೆಯುವುದೂ ನಿಂತಿತು, ಒಣಗಿಸುವುದೂ ನಿಂತಿತು.

ಆದರೆ ಅಕ್ಕ ನನಗೆ ಫೋನ್ ಮಾಡಿದ್ದು ಇದಕ್ಕಲ್ಲ. ಹತ್ತನೇ ದಿನ ಆ ಮೆಷಿನ್ ಕೂಡ "ನೀರು ಬರುತ್ತಿಲ್ಲ" ಎಂದು ತೋರಿಸಿ ನಿಂತಿತ್ತು. ಒಣಗಿಸಿದ ಬಟ್ಟೆ ಬಿಸಿಯಾಗಿ, ತೇವವಾಗಿಯೇ ಹೊರಬರುತ್ತಿತ್ತು. "ನಮ್ಮ ಮನೆಗೆ ಬಂದ ಮೆಷಿನ್ ಎಲ್ಲಾ ಹಿಂಗೇ ಆಗುತ್ತಲ್ಲಪ್ಪ" ಎಂದರು. ಅವರು ಬೇಸರಕ್ಕೆ ಹೇಳಿದ ಮಾತದು. ನನಗೆ ಮಾತ್ರ ಅದರಲ್ಲೇ ಉತ್ತರ ಕಂಡಿತು. ಎರಡು ಬೇರೆ ಕಂಪನಿ, ಎರಡು ಬೇರೆ ಬಗೆಯ ಮೆಷಿನ್, ಒಂದೇ ದೂರು. ಹಾಗಾದರೆ ನೋಡಬೇಕಾದದ್ದು ಮೆಷಿನ್ ಅಲ್ಲ, ಮನೆ.

ಬಕೆಟ್ ಮತ್ತು ಗಡಿಯಾರ

ಹೋದ ತಕ್ಷಣ ಮೆಷಿನ್ ನಲ್ಲಿಯ ಕೆಳಗೆ ಹತ್ತು ಲೀಟರ್‌ನ ಬಕೆಟ್ ಇಟ್ಟೆ. ನಲ್ಲಿ ಪೂರ್ತಿ ತಿರುಗಿಸಿ ಸಮಯ ನೋಡಿದೆ. ತುಂಬಲು ಹತ್ತಿರ ಹತ್ತಿರ ನಾಲ್ಕು ನಿಮಿಷ ಬೇಕಾಯಿತು. ಆಮೇಲೆ ಮೆಷಿನ್‌ನ ಪೈಪ್ ಬಿಚ್ಚಿ, ವಾಲ್ವ್ ಬಾಯಲ್ಲಿರುವ ಸಣ್ಣ ಜಾಲರಿ ಹೊರತೆಗೆದೆ. ಟ್ಯಾಂಕಿನ ಮರಳು ಮತ್ತು ತುಕ್ಕಿನ ಪುಡಿ ಅರ್ಧಕ್ಕೂ ಹೆಚ್ಚು ಕಟ್ಟಿಕೊಂಡಿತ್ತು.

ಮೆಷಿನ್ ಜೊತೆ ಬರುವ ಪುಸ್ತಕದ ಕೊನೆಯ ಪುಟಗಳಲ್ಲಿ ನೀರಿನ ಒತ್ತಡ ಎಷ್ಟಿರಬೇಕು ಎಂದು ಬರೆದಿರುತ್ತಾರೆ. ಇವರ ಹಳೆಯ ಮೆಷಿನ್‌ಗೆ ಕನಿಷ್ಠ 0.05 ಎಂಪಿಎ (ಮೆಗಾಪಾಸ್ಕಲ್, ಒತ್ತಡದ ಅಳತೆ) ಬೇಕಿತ್ತು. ಲೆಕ್ಕ ಸುಲಭ. ನೀರಿನ ಮಟ್ಟ ನಲ್ಲಿಗಿಂತ ಹತ್ತು ಮೀಟರ್ ಮೇಲಿದ್ದರೆ ಸುಮಾರು 0.1 ಎಂಪಿಎ ಒತ್ತಡ ಸಿಗುತ್ತದೆ. ಅಂದರೆ 0.05ಕ್ಕೆ ಐದು ಮೀಟರ್ ಎತ್ತರ ಬೇಕು. ಇಲ್ಲಿ ಟ್ಯಾಂಕ್ ನೇರ ಮೇಲಿದ್ದರೂ, ನಲ್ಲಿಯಿಂದ ನೀರಿನ ಮಟ್ಟಕ್ಕೆ ಎರಡೂವರೆ ಮೀಟರ್ ಮೀರುತ್ತಿರಲಿಲ್ಲ. ಟ್ಯಾಂಕ್ ಹತ್ತಿರ ಇದ್ದರೆ ನೀರು ಜೋರಾಗಿ ಬರುತ್ತದೆ ಎಂದು ಹಲವರು ತಿಳಿದಿರುತ್ತಾರೆ. ನಿಜ ಅದಕ್ಕೆ ಉಲ್ಟಾ. ಕೆಳಗಿನ ಮನೆಗೆ ಒತ್ತಡ ಜಾಸ್ತಿ, ಕೊನೆಯ ಮಹಡಿಗೆ ಕಡಿಮೆ.

ಮೆಷಿನ್ ತನಗೆ ನಿಗದಿ ಮಾಡಿದ ಸಮಯದೊಳಗೆ ನೀರಿನ ಮಟ್ಟ ಏರದಿದ್ದರೆ ಎರರ್ ತೋರಿಸುತ್ತದೆ. ಅದು ಸರಿಯಾದ ಕೆಲಸವನ್ನೇ ಮಾಡುತ್ತಿತ್ತು. ವಾಲ್ವ್ ಬದಲಿಸಿದಾಗ ಹೊಸ ವಾಲ್ವ್ ಜೊತೆ ಹೊಸ ಜಾಲರಿ ಬರುತ್ತಿತ್ತು, ಅದಕ್ಕೇ ಕೆಲವು ತಿಂಗಳು ಸರಿಹೋಗುತ್ತಿತ್ತು. ಬೋರ್ಡ್ ಬದಲಿಸಿದ್ದು ಸುಮ್ನೆ ಖರ್ಚು. ಜೋಡಿ ಮೆಷಿನ್‌ನಲ್ಲಿ ಬಟ್ಟೆ ಒಣಗದಿದ್ದುದಕ್ಕೂ ಇದೇ ಕಾರಣದ ಪಾಲಿತ್ತು. ಆ ಬಗೆಯ ಹಲವು ಮೆಷಿನ್‌ಗಳು ಒಣಗಿಸುವಾಗಲೂ ತಣ್ಣೀರು ಹರಿಸಿ ಹಬೆಯನ್ನು ನೀರಾಗಿಸುತ್ತವೆ. ತಣ್ಣೀರೇ ಸರಿಯಾಗಿ ಬರದಿದ್ದರೆ ಹಬೆ ಒಳಗೇ ಸುತ್ತುತ್ತದೆ.

ಆ ಸಂಜೆ ಅಕ್ಕನ ಗಂಡ ನೋಡಿಟ್ಟಿದ್ದ ಹನ್ನೆರಡು ಕಿಲೋ ಮೆಷಿನ್ ಬಂದಿದ್ದರೂ ಅದೂ ಹೀಗೆಯೇ ನಿಲ್ಲುತ್ತಿತ್ತು. "ಹಾಗಾದ್ರೆ ಮೂರನೇ ಕಂಪನಿಯನ್ನೂ ಬೈತಿದ್ವಿ ಅಲ್ವಾ" ಎಂದರು ಅವರು.

ಹಳೆಯದನ್ನು ಬಿಚ್ಚಿದಾಗ

ಹೊಸದು ಆರಿಸುವ ಮೊದಲು ಹಳೆಯದನ್ನು ಬಿಚ್ಚೋಣ ಎಂದೆ. ಅಕ್ಕನಿಗೆ ಇದು ವಿಚಿತ್ರ ಅನ್ನಿಸಿತು. ಆದರೆ ಮನೆಯ ಬಗ್ಗೆ ಹಳೆಯ ಮೆಷಿನ್ ಹೇಳುವಷ್ಟು ನಿಜವನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಹಿಂದಿನ ಹಲಗೆ ತೆಗೆದಾಗ ಟಬ್‌ನ ನಡುವಿನಿಂದ ಕೆಳಗೆ ತುಕ್ಕಿನ ಗೆರೆ ಇಳಿದಿತ್ತು. ಇದು ಆಯಿಲ್ ಸೀಲ್ ಹೋಗಿರುವ ಗುರುತು. ಸೀಲ್ ಸವೆದರೆ ಸೋಪಿನ ನೀರು ಬೇರಿಂಗ್‌ಗೆ ನುಗ್ಗುತ್ತದೆ, ಗ್ರೀಸ್ ತೊಳೆದುಹೋಗುತ್ತದೆ, ಉಕ್ಕಿನ ಗುಂಡುಗಳು ತುಕ್ಕು ಹಿಡಿಯುತ್ತವೆ. ಖಾಲಿ ಡ್ರಮ್ಮನ್ನು ಕೈಯಿಂದ ತಿರುಗಿಸಿದರೆ ಗರಗರ ಸದ್ದು ಬರುತ್ತದೆ, ಮೇಲೆ ಕೆಳಗೆ ಎತ್ತಿದರೆ ಆಡುತ್ತದೆ. ಇದು ಯಾರಾದರೂ ಮನೆಯಲ್ಲೇ ಮಾಡಿ ನೋಡಬಹುದು.

ಹೀಟರ್ ಕಾಯಿಲ್ ಮೇಲೆ ಸುಣ್ಣದ ದಪ್ಪ ಪದರ. ನೀರು ಪರೀಕ್ಷಿಸುವ ಪಟ್ಟಿ ಅದ್ದಿ ನೋಡಿದರೆ ಗಡಸುತನ ಲೀಟರಿಗೆ 300 ಮಿಲಿಗ್ರಾಂ ಹತ್ತಿರ. 180 ದಾಟಿದರೆ ತುಂಬಾ ಗಡಸು ಎನ್ನುತ್ತಾರೆ. ಟಬ್‌ನ ಒಳಗೋಡೆಯಲ್ಲಿ ಬೂದು ಬಣ್ಣದ ಜಿಡ್ಡು. ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ಅಲ್ಯೂಮಿನಿಯಂನ ಮೂರು ತೋಳಿನ ಭಾಗವನ್ನು ಅಲ್ಲಲ್ಲಿ ತಿಂದುಹಾಕಿದಂತಾಗಿತ್ತು. ಸೋಪು ಎಷ್ಟು ಹಾಕುತ್ತೀರಿ ಎಂದು ಕೇಳಿದೆ. "ನೊರೆ ಕಾಣೋವರೆಗೂ ಹಾಕ್ತೀನಿ" ಎಂದರು ಅಕ್ಕ. ಬೇಡದಷ್ಟು ಸೋಪು ಹಾಕಿ, ತಣ್ಣೀರಿನಲ್ಲೇ ಒಗೆದು, ಬಾಗಿಲು ಮುಚ್ಚಿಟ್ಟರೆ ಈ ಜಿಡ್ಡು ಕಟ್ಟಿಯೇ ತೀರುತ್ತದೆ. ಫ್ರಂಟ್ ಲೋಡ್‌ನಲ್ಲಿ ಬಟ್ಟೆ ಮೇಲೆ ಹೋಗಿ ಕೆಳಗೆ ಬಿದ್ದೇ ಕೊಳೆ ಬಿಡುವುದು. ನೊರೆ ಜಾಸ್ತಿಯಾದರೆ ಅದು ದಿಂಬಿನಂತೆ ಬಟ್ಟೆಯನ್ನು ಮೆತ್ತಗೆ ಇಳಿಸಿಬಿಡುತ್ತದೆ, ಕೊಳೆಯೂ ಸರಿಯಾಗಿ ಹೋಗುವುದಿಲ್ಲ.

ಇವೆಲ್ಲ ನಾನು ನಿರೀಕ್ಷಿಸಿದ್ದೇ. ನಿರೀಕ್ಷಿಸದೇ ಇದ್ದದ್ದು ಒಂದು ಸಿಕ್ಕಿತು. ಮೆಷಿನ್ ಪಕ್ಕದಲ್ಲಿ ಅತ್ತೆಯ ಹಾಸಿಗೆಗೆ ಹಾಕುವ, ನೀರು ಇಳಿಯದ ರಬ್ಬರ್ ಪದರದ ಹೊದಿಕೆ ಮಡಿಸಿಟ್ಟಿತ್ತು. "ಇದನ್ನೂ ಮೆಷಿನ್‌ಗೇ ಹಾಕ್ತೀರಾ ಅಕ್ಕ?" ಎಂದೆ. "ಬೆಡ್‌ಶೀಟ್ ಜೊತೇಲೇ ಹಾಕ್ತೀನಿ. ಸ್ಪಿನ್ ಆಗುವಾಗ ಮೆಷಿನ್ ಕುಣಿದು ಜಾಗ ಬಿಟ್ಟು ಬರುತ್ತೆ" ಎಂದರು.

ನನ್ನ ಲೆಕ್ಕದಲ್ಲಿ ಬೇರಿಂಗ್‌ಗೆ ದೊಡ್ಡ ಪೆಟ್ಟು ಕೊಟ್ಟಿದ್ದು ಇದು. ನೀರು ಬಿಡದ ಬಟ್ಟೆ ಸ್ಪಿನ್ ಆಗುವಾಗ ಚೀಲದಂತಾಗಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಲೀಟರುಗಟ್ಟಲೆ ನೀರು ಡ್ರಮ್‌ನ ಒಂದೇ ಬದಿಗೆ ಸೇರಿ ನಿಮಿಷಕ್ಕೆ ಸಾವಿರ ಸುತ್ತು ಸುತ್ತಿದರೆ ಏನಾಗಬಹುದು ಊಹಿಸಿ. ಬೇರಿಂಗ್, ಶಾಕ್ ಅಬ್ಸಾರ್ಬರ್ ಹಾಳಾಗುವುದು ಮಾತ್ರವಲ್ಲ, ಮೆಷಿನ್ ಉರುಳಿ ಅಪಾಯವೂ ಆಗಬಹುದು. ಇಂಥ ಹೊದಿಕೆ, ರೇನ್‌ಕೋಟ್‌ಗಳನ್ನು ಸ್ಪಿನ್‌ಗೆ ಹಾಕಬೇಡಿ ಎಂದು ಹಲವು ಪುಸ್ತಕಗಳಲ್ಲಿ ಸ್ಪಷ್ಟವಾಗಿ ಬರೆದಿರುತ್ತಾರೆ. ಓದುವವರು ಕಡಿಮೆ. ಮೇಲಾಗಿ ಮೆಷಿನ್ ನಿಂತಿದ್ದು ಚಕ್ರದ ಸ್ಟ್ಯಾಂಡ್ ಮೇಲೆ.

ಹಿರಿಯರನ್ನು ನೋಡಿಕೊಳ್ಳುವ ಮನೆಗಳಿಗೆ ಈ ಮಾತು ಮುಟ್ಟಬೇಕು ಎಂಬ ಆಸೆಯಿಂದಲೇ ನಾನು ಈ ಪ್ರಕರಣ ಬರೆಯಲು ಕುಳಿತದ್ದು.

ತೀರ್ಮಾನಗಳು

ಮೊದಲ ಖರ್ಚು ಮೆಷಿನ್‌ಗೆ ಮಾಡಲಿಲ್ಲ. ಟ್ಯಾಂಕಿನಿಂದ ಬರುವ ಪೈಪಿಗೆ ಒಂದು ಸಣ್ಣ ಪ್ರೆಶರ್ ಪಂಪ್, ಅದರ ಮುಂದೆ ಮರಳು ಸೋಸುವ ಫಿಲ್ಟರ್ ಕೂರಿಸಿದೆವು. ಬಕೆಟ್ ಈಗ ಒಂದು ನಿಮಿಷದೊಳಗೆ ತುಂಬುತ್ತಿತ್ತು. ಚಕ್ರದ ಸ್ಟ್ಯಾಂಡ್ ಹೊರಗೆ ಹೋಯಿತು. ವಾಷಿಂಗ್ ಮೆಷಿನ್ ಮತ್ತು ಡ್ರೈಯರ್ ಎರಡಕ್ಕೂ ಬೇರೆ ಬೇರೆ 16 ಆಂಪಿಯರ್ ಪಾಯಿಂಟ್ ಹಾಕಿಸಿದೆವು. ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಇವನ್ನು ಯಾವತ್ತೂ ಚುಚ್ಚಬಾರದು.

ಆಮೇಲೆ ಒಂದು ವಾರ ಬಟ್ಟೆ ತೂಗಿದೆವು. ಮನೆಯಲ್ಲಿದ್ದ ತೂಕದ ಯಂತ್ರದ ಮೇಲೆ ಬಕೆಟ್ ಇಟ್ಟು, ಒಗೆಯುವ ಮೊದಲಿನ ಒಣ ತೂಕ ಬರೆದಿಟ್ಟವಳು ಮಗಳು. ಸಾಮಾನ್ಯ ದಿನ ನಾಲ್ಕೂವರೆ ಕಿಲೋ. ರಜೆಯ ದಿನ ಏಳು. ಒಂದೇ ಸಲಕ್ಕೆ ಹನ್ನೆರಡು ಕಿಲೋ ಹಾಕುವ ದಿನ ಇಲ್ಲವೇ ಇಲ್ಲ. ಎಂಟು ಕಿಲೋ ಸಾಕು ಎಂದು ತೀರ್ಮಾನವಾಯಿತು, ಯಾರೂ ವಾದ ಮಾಡಲಿಲ್ಲ. ಮೆಷಿನ್ ಮೇಲೆ ಬರೆದಿರುವ ಕಿಲೋ ಲೆಕ್ಕ ಹತ್ತಿ ಬಟ್ಟೆಗೆ ಮಾತ್ರ ಎಂಬುದೂ ನೆನಪಿರಲಿ. ಸಿಂಥೆಟಿಕ್ ಬಟ್ಟೆಗೆ ಸುಮಾರು ಅದರ ಅರ್ಧ.

ಟಾಪ್ ಲೋಡ್ ಬಗ್ಗೆ ಸ್ವಲ್ಪ ಹೊತ್ತು ಯೋಚಿಸಿದೆವು. ಅಕ್ಕನ ಬೆನ್ನು ನೋವು ಸಣ್ಣ ಮಾತಲ್ಲ. ಟಾಪ್ ಲೋಡ್ ಬೇಗ ಮುಗಿಸುತ್ತದೆ, ನಡುವೆ ಬಟ್ಟೆ ಸೇರಿಸಬಹುದು. ಡ್ರೈಯರ್ ಬೇಡವಾಗಿದ್ದರೆ ನಾನೂ ಅದಕ್ಕೇ ಒಪ್ಪುತ್ತಿದ್ದೆನೇನೋ. ಆದರೆ ಇಲ್ಲಿ ಡ್ರೈಯರ್ ಬರುವುದು ಖಚಿತ. ಮನೆಬಳಕೆಯ ಟಾಪ್ ಲೋಡ್‌ಗಳ ಸ್ಪಿನ್ ಸಾಮಾನ್ಯವಾಗಿ ನಿಮಿಷಕ್ಕೆ 700-800 ಸುತ್ತು. ಫ್ರಂಟ್ ಲೋಡ್‌ಗಳಲ್ಲಿ 1200, 1400 ಸಿಗುತ್ತವೆ. 800 ಸುತ್ತಿನ ಸ್ಪಿನ್ ಆದ ಮೇಲೆ ಹತ್ತಿ ಬಟ್ಟೆಯಲ್ಲಿ ಅದರ ತೂಕದ ಸುಮಾರು ಶೇಕಡಾ 70ರಷ್ಟು ನೀರು ಉಳಿಯುತ್ತದೆ. 1400ರಲ್ಲಿ ಅದು ಶೇಕಡಾ 50ರ ಆಸುಪಾಸು. ಏಳು ಕಿಲೋ ಬಟ್ಟೆಗೆ ಲೆಕ್ಕ ಹಾಕಿದರೆ ಸುಮಾರು ಒಂದೂವರೆ ಲೀಟರ್ ನೀರಿನ ವ್ಯತ್ಯಾಸ. ಒಂದು ಲೀಟರ್ ನೀರನ್ನು ಆವಿ ಮಾಡಲು 0.6 ಯೂನಿಟ್‌ಗೂ ಹೆಚ್ಚು ಶಾಖ ಬೇಕು. ಅದೇ ನೀರನ್ನು ಸುತ್ತಿ ಹಿಂಡಿ ತೆಗೆಯಲು ಬೇಕಾಗುವ ವಿದ್ಯುತ್ ತೀರಾ ಕಡಿಮೆ. ಡ್ರೈಯರ್ ಕೊಳ್ಳುವ ಮನೆಯವರು ಮೊದಲು ನೋಡಬೇಕಾದದ್ದು ವಾಷಿಂಗ್ ಮೆಷಿನ್‌ನ ಸ್ಪಿನ್.

ಹೀಗೆ ಫ್ರಂಟ್ ಲೋಡ್ ಗೆದ್ದಿತು. ಅಕ್ಕನ ಬೆನ್ನಿಗಾಗಿ ಒಂದಡಿ ಎತ್ತರದ ಗಟ್ಟಿ ಕಾಂಕ್ರೀಟ್ ಕಟ್ಟೆ ಕಟ್ಟಿಸಿದೆವು. ಬಟ್ಟೆ ಬುಟ್ಟಿಗೆ ಒಂದು ಸ್ಟೂಲ್. ಬಗ್ಗುವುದು ಬಹುಪಾಲು ತಪ್ಪಿತು. ನೀರು ಬಿಸಿ ಮಾಡುವ ಹೀಟರ್ ಇರಲೇಬೇಕು ಎಂಬುದರಲ್ಲಿ ಅನುಮಾನ ಇರಲಿಲ್ಲ. ಅತ್ತೆಯ ಬೆಡ್‌ಶೀಟ್‌ಗಳನ್ನು 60 ಡಿಗ್ರಿಯಲ್ಲಿ ಒಗೆಯಬೇಕಿತ್ತು.

ಮೂರು ಫೋನ್ ಕರೆ

ಈಗ ಉಳಿದದ್ದು ಯಾವ ಮಾದರಿ ಎಂಬ ಪ್ರಶ್ನೆ. ಹತ್ತು ವರ್ಷದ ವಾರಂಟಿ ಸ್ಟಿಕ್ಕರ್‌ನ ಕೆಳಗೆ ಸಣ್ಣ ಅಕ್ಷರ ಓದಿದರೆ ಅದು ಮೋಟರ್‌ಗೆ ಮಾತ್ರ. ನಾನು ರಿಪೇರಿ ಮಾಡಿದ ವರ್ಷಗಳಲ್ಲಿ ಮೋಟರ್ ಸುಟ್ಟು ಬಂದ ಮೆಷಿನ್ ಅಪರೂಪ. ಕೆಡುತ್ತಿದ್ದುದು ಡ್ರೈನ್ ಪಂಪ್, ಬಾಗಿಲಿನ ರಬ್ಬರ್, ಬೇರಿಂಗ್, ಬೋರ್ಡ್, ಶಾಕ್ ಅಬ್ಸಾರ್ಬರ್. ಈಗಿನ ಬ್ರಶ್ ಇಲ್ಲದ ಇನ್ವರ್ಟರ್ ಮೋಟರ್‌ಗಳು ಇನ್ನೂ ಗಟ್ಟಿ. ಕೆಡುವುದೇ ಅಪರೂಪವಾದ ಭಾಗಕ್ಕೆ ಹತ್ತು ವರ್ಷ ಮಾತು ಕೊಡುವುದು ಕಷ್ಟವಲ್ಲ.

ಅದಕ್ಕೆ ನಾವು ಬೇರೆ ಪ್ರಶ್ನೆ ಇಟ್ಟುಕೊಂಡೆವು. ಮೂರು ಮಾದರಿ ಆರಿಸಿ, ಆ ಮೂರೂ ಕಂಪನಿಗಳ ಸರ್ವಿಸ್ ವಿಭಾಗಕ್ಕೆ ಮಗಳಿಂದ ಫೋನ್ ಮಾಡಿಸಿದೆವು. ಮಾರುವವರಿಗಲ್ಲ, ಸರ್ವಿಸ್‌ನವರಿಗೆ. ಕೇಳಿದ್ದು ಎರಡೇ ಮಾತು. "ಈ ಮಾದರಿಯಲ್ಲಿ ಬೇರಿಂಗ್ ಹೋದರೆ ಬೇರಿಂಗ್ ಮಾತ್ರ ಹಾಕ್ತೀರಾ, ಇಡೀ ಟಬ್ ಬದಲಿಸಬೇಕಾ?" "ಡ್ರೈನ್ ಪಂಪ್, ಬಾಗಿಲಿನ ರಬ್ಬರ್ ಈಗ ಸ್ಟಾಕ್‌ನಲ್ಲಿದೆಯಾ?"

ಮೊದಲ ಕಡೆ, "ಟಬ್ ಸೀಲ್ ಮಾಡಿರೋದು ಮೇಡಂ, ಪೂರ್ತಿ ಬದಲಿಸಬೇಕು" ಎಂದರು. ಎರಡು ಅರ್ಧವನ್ನು ಬೆಸೆದು ಮಾಡಿದ ಟಬ್ ಅಂದರೆ ಹಾಗೆಯೇ. ಎರಡನೇ ಕಡೆ ಮೂರು ಸಲ ಫೋನ್ ವರ್ಗಾಯಿಸಿದರು, ಉತ್ತರ ಸಿಗಲಿಲ್ಲ. ಮೂರನೇ ಕಡೆ ಒಬ್ಬರು, ಟಬ್ ಸ್ಕ್ರೂ ಹಾಕಿ ಜೋಡಿಸಿದ್ದು, ಬೇರಿಂಗ್ ಮತ್ತು ಸೀಲ್ ಬೇರೆಯಾಗಿ ಬರುತ್ತದೆ, ಕೆಲಸ ಅರ್ಧ ದಿನದ್ದು ಎಂದು ಬಿಡಿಸಿ ಹೇಳಿದರು. ಪಂಪ್ ಇದೆ, ರಬ್ಬರ್ ಎರಡು ದಿನದಲ್ಲಿ ತರಿಸುತ್ತೇವೆ ಎಂದರು. ಮೂರರಲ್ಲಿ ನೋಡಲು ಅತಿ ಸಾದಾ ಮೆಷಿನ್ ಅದೇ. ಅದನ್ನೇ ಕೊಂಡರು.

ಯುರೋಪಿಯನ್ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ಒಂದು ನಿಯಮ ಜಾರಿಯಲ್ಲಿದೆ. ಒಂದು ಮಾದರಿಯ ಕೊನೆಯ ಮೆಷಿನ್ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 10 ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕು. ಆ ಪಟ್ಟಿಯಲ್ಲಿ ಬೇರಿಂಗ್ ಕೂಡ ಇದೆ. ಆದರೆ ಅದನ್ನು ಬಿಡಿಯಾಗಿಯೂ ಕೊಡಬಹುದು, ಇತರ ಭಾಗಗಳ ಜೊತೆ ಸೇರಿಸಿಯೂ ಕೊಡಬಹುದು. ಹಾಗಾಗಿ ನೀವು ಎಲ್ಲಿದ್ದರೂ ಈ ಫೋನ್ ಕರೆ ತಪ್ಪಿಸಬೇಡಿ.

ಡ್ರೈಯರ್ ವಿಷಯ ಬೇಗ ಮುಗಿಯಿತು. ಬಿಸಿ ಗಾಳಿಯನ್ನು ಹೊರಗೆ ಬಿಡುವ ಬಗೆಗೆ ಗೋಡೆಯಲ್ಲಿ ದೊಡ್ಡ ಕೊಳವೆ ಬೇಕು, ಅದಕ್ಕೆ ಇಲ್ಲಿ ದಾರಿ ಇರಲಿಲ್ಲ. ಹೀಟ್ ಪಂಪ್ ಬಗೆ ಅದೇ ಗಾಳಿಯನ್ನು ಒಳಗೇ ತಿರುಗಿಸುತ್ತದೆ. ಹೀಟರ್ ಬಗೆ 2000 ವ್ಯಾಟ್‌ಗೂ ಮೇಲೆ ಎಳೆಯುತ್ತದೆ, ಇದು ಸಾವಿರ ವ್ಯಾಟ್‌ನೊಳಗೆ. ಶಾಖ ಕಡಿಮೆ, ಬಟ್ಟೆ ಸವೆಯುವುದೂ ಕಡಿಮೆ. ಬದಲಿಗೆ ಹೊತ್ತು ಜಾಸ್ತಿ, ಎರಡರಿಂದ ಮೂರು ಗಂಟೆ. ಎರಡು ಬೇರೆ ಮೆಷಿನ್ ಇರುವುದರಿಂದ ಒಂದು ರಾಶಿ ಒಣಗುವಾಗ ಇನ್ನೊಂದು ಒಗೆಯಬಹುದು, ಹೊತ್ತು ಅಡ್ಡಿಯಾಗಲಿಲ್ಲ. ನಾನು ಹಟ ಹಿಡಿದದ್ದು ಒಂದಕ್ಕೆ: ಹಬೆಯನ್ನು ತಣಿಸಿ ನೀರಾಗಿಸುವ ಒಳಗಿನ ಕಂಡೆನ್ಸರ್‌ನ ಮುಂಭಾಗಕ್ಕೆ ಬಾಗಿಲು ಇರಬೇಕು, ಕೈಯಿಂದ ಜುಂಗು ತೆಗೆಯಲು ಬರಬೇಕು. ತಾನೇ ಶುಚಿಮಾಡಿಕೊಳ್ಳುತ್ತದೆ ಎಂದು ಮುಚ್ಚಿಟ್ಟ ಮಾದರಿಯಲ್ಲಿ ಜುಂಗು ಕಟ್ಟಿದರೆ ಇಡೀ ಮೆಷಿನ್ ಬಿಚ್ಚಬೇಕಾಗುತ್ತದೆ.

ಬಂದ ಮೇಲೆ ಆದದ್ದು

ಮೆಷಿನ್ ಬಂದ ದಿನ ನಾನೂ ಇದ್ದೆ. ಸಾಗಾಟಕ್ಕೆ ಹಿಂದೆ ಹಾಕಿರುವ ಬೋಲ್ಟ್‌ಗಳನ್ನು ತೆಗೆದು ಎಣಿಸಿದೆವು. ಅದರಲ್ಲಿ ಒಂದು ಉಳಿದರೂ ಮೊದಲ ಸ್ಪಿನ್‌ನಲ್ಲೇ ಮೆಷಿನ್ ಕುಣಿಯುತ್ತದೆ. ಮಟ್ಟಗೋಲು ಇಟ್ಟು ನಾಲ್ಕೂ ಕಾಲು ಸರಿಮಾಡಿದೆವು. ಡ್ರೈಯರ್ ಸಾಗಿಸುವಾಗ ವಾಲಿತ್ತು, ಕಂಪ್ರೆಸರ್‌ನ ಎಣ್ಣೆ ಕೆಳಗಿಳಿಯಲಿ ಎಂದು ಒಂದು ದಿನ ಹಾಗೇ ನಿಲ್ಲಿಸಿದೆವು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಜಾಗ ಉಳಿಸಲು ಡ್ರೈಯರನ್ನು ವಾಷಿಂಗ್ ಮೆಷಿನ್ ಮೇಲೆ, ಅದಕ್ಕೇ ಮಾಡಿದ ಜೋಡಣೆ ಕಿಟ್ ಬಳಸಿ ಕೂರಿಸಿದೆವು. ಕೆಳಗೆ ಒಂದಡಿ ಕಟ್ಟೆ ಇದೆ ಎಂಬುದು ನನ್ನ ಲೆಕ್ಕದಿಂದ ಬಿಟ್ಟುಹೋಗಿತ್ತು. ಡ್ರೈಯರ್‌ನ ನೀರಿನ ಡಬ್ಬಿ ಅದರ ಮೇಲ್ತುದಿಯಲ್ಲಿ. ತುಂಬಿದಾಗ ನಾಲ್ಕು ಲೀಟರ್ ಭಾರ. ಅಕ್ಕ ಅದನ್ನು ತಲೆಗಿಂತ ಎತ್ತರದಿಂದ ಇಳಿಸಬೇಕಾಗುತ್ತಿತ್ತು. ಎರಡನೇ ದಿನವೇ ನೀರು ಮೈಮೇಲೆ ಚೆಲ್ಲಿತು. ಬೆನ್ನು ಉಳಿಸಲು ಹೋಗಿ ಭುಜಕ್ಕೆ ನೋವು ಕೊಟ್ಟಂತಾಯಿತು. ಆ ವಾರವೇ ಡ್ರೈಯರ್‌ನ ನೀರು ನೇರ ಚರಂಡಿ ಪೈಪಿಗೆ ಹೋಗುವಂತೆ ಕೊಳವೆ ಜೋಡಿಸಿದೆ. ಡಬ್ಬಿ ಮುಟ್ಟುವ ಕೆಲಸವೇ ತಪ್ಪಿತು. ಬಾಗಿಲು ಮಾತ್ರ ಈಗಲೂ ಸ್ವಲ್ಪ ಎತ್ತರವೇ, ಬಟ್ಟೆ ತೆಗೆಯುವುದು ಮಗಳ ಪಾಲಿಗೆ ಬಂದಿದೆ. ಬಳಸುವವರ ಕೈ ಎಷ್ಟು ಎತ್ತರಕ್ಕೆ ಎಟಕುತ್ತದೆ ಎಂದು ನೋಡದೆ ಒಂದರ ಮೇಲೊಂದು ಕೂರಿಸಬೇಡಿ.

ಎರಡು ತಿಂಗಳಾದ ಮೇಲೆ ಮತ್ತೆ ಫೋನ್. "ಡ್ರೈಯರ್‌ನಿಂದ ಬಟ್ಟೆ ಹಸಿಯಾಗೇ ಬರ್ತಿದೆ. ಇದೂ ಕೆಟ್ಟಿತಾ?" ಈ ಸಲ ಅಕ್ಕನೇ ಮುಂದುವರಿಸಿ, "ಇಲ್ಲ, ನೀವು ಹೇಳೋ ಮುಂಚೆ ನಾನೇ ನೋಡ್ತೀನಿ ಇರಿ" ಎಂದರು. ಅರ್ಧ ಗಂಟೆಯಲ್ಲಿ ತಾವೇ ಕಾರಣ ಹುಡುಕಿದ್ದರು. ರಾತ್ರಿ ಸದ್ದಾಗುತ್ತದೆ ಎಂದು ಮಗ ಸ್ಪಿನ್ ಅನ್ನು 800ಕ್ಕೆ ಇಳಿಸಿದ್ದ, ಅದು ಹಾಗೇ ಉಳಿದಿತ್ತು. ಡ್ರೈಯರ್‌ನ ಎರಡನೇ ಜಾಲರಿಯಲ್ಲಿ ಜುಂಗು ತುಂಬಿತ್ತು. ಇಷ್ಟು ಸರಿಮಾಡಿದರೂ ತೇವ ಪೂರ್ತಿ ಹೋಗಲಿಲ್ಲ. ನಾನು ಹೋಗಿ ನೋಡಿದಾಗ ಡ್ರಮ್‌ನ ಅಂಚಿನಲ್ಲಿರುವ ಎರಡು ಲೋಹದ ಪಟ್ಟಿಗಳ ಮೇಲೆ ಮಂಕಾದ ಪದರವಿತ್ತು. ಬಟ್ಟೆಯ ತೇವ ಅಳೆಯುವ ಸೆನ್ಸರ್ ಅವು. ಬಟ್ಟೆ ಮೆತ್ತಗಾಗಲು ಹಾಕುತ್ತಿದ್ದ ಸಾಫ್ಟನರ್ ಅಲ್ಲಿ ಅಂಟಿತ್ತು. ವಿನೆಗರ್ ಅದ್ದಿದ ಬಟ್ಟೆಯಿಂದ ಒರೆಸಿದ ಮೇಲೆ ಸರಿಯಾಯಿತು. ಸಾಫ್ಟನರ್ ಬಿಟ್ಟರು. ಡ್ರೈಯರ್‌ನಲ್ಲಿ ಹಾರಾಡಿದ ಬಟ್ಟೆ ಹೇಗೂ ಮೆತ್ತಗೇ ಇರುತ್ತದೆ.

ಈಗ

ಎರಡು ವರ್ಷ ದಾಟಿದೆ. ನೀರಿನ ಎರರ್ ಒಂದು ಸಲವೂ ಬಂದಿಲ್ಲ. ಸೋಪು ಅಳತೆಯ ಚಮಚದಲ್ಲೇ. ತಿಂಗಳಿಗೊಮ್ಮೆ ಖಾಲಿ ಮೆಷಿನ್ ಅನ್ನು ಬಿಸಿ ನೀರಲ್ಲಿ ಓಡಿಸುತ್ತಾರೆ, ಮೂರು ತಿಂಗಳಿಗೊಮ್ಮೆ ಸುಣ್ಣ ಕರಗಿಸುವ ಪುಡಿ ಹಾಕುತ್ತಾರೆ. ಒಗೆದಾದ ಮೇಲೆ ಬಾಗಿಲು ತೆರೆದಿರುತ್ತದೆ. ರಬ್ಬರ್ ಹೊದಿಕೆಯನ್ನು ಕೈಯಲ್ಲಿ ತೊಳೆದು ನೆರಳಲ್ಲಿ ನೇತುಹಾಕುತ್ತಾರೆ. ಅದು ಡ್ರೈಯರ್‌ಗೂ ಹೋಗಬಾರದು, ರಬ್ಬರ್ ಬಿಸಿಯಾದರೆ ಬೆಂಕಿಯ ಭಯವಿದೆ. ಅತ್ತೆಯ ಬಳಿ ಈಗ ಯಾವಾಗಲೂ ಎರಡು ಜೊತೆ ಒಣಗಿದ ಬೆಡ್‌ಶೀಟ್ ಮಡಿಸಿಟ್ಟಿರುತ್ತದೆ.

ಇಷ್ಟಾದರೂ ಕೆಡದೆ ಉಳಿಯಲಿಲ್ಲ. ಕಳೆದ ತಿಂಗಳು ಮಗಳ ಹೇರ್‌ಪಿನ್ ಒಂದು ಬಾಗಿಲಿನ ರಬ್ಬರನ್ನು ಸೀಳಿತು, ಮೆಷಿನ್ ಮುಂದೆ ನೀರು ಹರಿಯಿತು. ಅಕ್ಕ ಸರ್ವಿಸ್‌ಗೆ ಫೋನ್ ಮಾಡಿ ರಬ್ಬರ್‌ನ ನಂಬರನ್ನೂ ತಾವೇ ಹೇಳಿದರು. ಮೂರನೇ ದಿನ ಬಂದವರು ಒಂದು ಗಂಟೆಯೊಳಗೆ ಹಾಕಿಕೊಟ್ಟು ಹೋದರು. ನನಗೆ ಇದು ಗೊತ್ತಾಗಿದ್ದು ಹದಿನೈದು ದಿನದ ನಂತರ, ಬೇರೆ ಮಾತಿನ ನಡುವೆ.